ಹಲಸೂರಿನ ಹಂಡೆ, ದಂಡಿನ ನೀರು ಮತ್ತು ಅಮ್ಮನ ಆರ್ಕಿಡ್

ಮೊನ್ನೆ ಭಾನುವಾರ ಸಂಜೆ ನಮ್ಮ ಕೆ.ಆರ್.ಪುರದ ಕಡೆ ಜೋರು ಮಳೆ. ಅಪಾರ್ಟ್‌ಮೆಂಟಿನವರೆಲ್ಲ ಬಟ್ಟೆ ತೆಗೆಯೋಕೆ ಟೆರೇಸಿಗೆ ಓಡಿದರೆ, ನಾನು ಬಕೆಟ್ ಹಿಡಿದುಕೊಂಡು ಓಡಿದೆ. "ಅಂಕಲ್, ನೀರು ಬರ್ತಿಲ್ವಾ?" ಅಂತ ಮೂರನೇ ಮಹಡಿಯ ಹುಡುಗ ನಕ್ಕ. ನಗಲಿ ಬಿಡಿ. ಈ ಬಕೆಟ್ಟಿನ ಹಿಂದೆ ಇನ್ನೂರು ವರ್ಷದ ಕತೆ ಇದೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು?

ಕತೆ ಶುರುವಾಗೋದು ಹಲಸೂರಿನ ನಮ್ಮ ಹಳೇ ಮನೆಯಿಂದ. 2003ರ ಆಗಸ್ಟಿನಲ್ಲಿ ಲಾಲ್‌ಬಾಗ್ ಫ್ಲವರ್ ಶೋಗೆ ಹೋದ ಅಮ್ಮ ಒಂದು ಡೆಂಡ್ರೋಬಿಯಂ ಆರ್ಕಿಡ್ ತಂದಳು. ಬಿಳಿ ಹೂವು, ನಡುವೆ ನೇರಳೆ ನಾಲಿಗೆ. ಹಿತ್ತಲಲ್ಲಿ ಒಂದು ತಾಮ್ರದ ಹಂಡೆ ಇತ್ತು. ಹೆಂಚಿನಿಂದ ಇಳಿಯುವ ಮಳೆ ನೀರು ಅದಕ್ಕೆ ಬೀಳುತ್ತಿತ್ತು. "ನಲ್ಲಿ ನೀರು ನಮಗೆ, ಮಳೆ ನೀರು ಅವಕ್ಕೆ" ಅನ್ನುತ್ತಿದ್ದಳು. ಅದರ ಹಿಂದೆ ಶಾಸ್ತ್ರ ಏನೂ ಇರಲಿಲ್ಲ. ನಲ್ಲಿ ಬರುತ್ತಿದ್ದದ್ದೇ ದಿನ ಬಿಟ್ಟು ದಿನ, ಅದನ್ನು ಗಿಡಕ್ಕೆ ಸುರಿಯೋಕೆ ಮನಸ್ಸು ಬರುತ್ತಿರಲಿಲ್ಲ, ಅಷ್ಟೇ. ಆದರೂ ಗಿಡ ವರ್ಷಕ್ಕೆರಡು ಸಲ ಹೂ ಬಿಟ್ಟಿತು.

2018ರಲ್ಲಿ ಅಮ್ಮ ಹೋದಳು. ಗಿಡ ನನ್ನ ಜತೆ ಕೆ.ಆರ್.ಪುರಕ್ಕೆ ಬಂತು. ಹಂಡೆ ಬರಲಿಲ್ಲ. ಫ್ಲಾಟಿನ ಬಾಲ್ಕನಿಯಲ್ಲಿ ಹಂಡೆ ಇಡೋದೆಲ್ಲಿ ಹೇಳಿ...

2021ರಲ್ಲಿ ಇದ್ದಿಲು-ತೆಂಗಿನ ಸಿಪ್ಪೆ ಬಿಟ್ಟು ಸೆಮಿ-ಹೈಡ್ರೋಪೋನಿಕ್ಸ್‌ಗೆ ಬದಲಾಯಿಸಿದೆ. ಗೊತ್ತಿಲ್ಲದವರಿಗೆ ಎರಡು ಮಾತು. ಪ್ಲಾಸ್ಟಿಕ್ ಕುಂಡದ ತಳದಿಂದ ಒಂದಿಂಚು ಮೇಲೆ ತೂತು. ಒಳಗೆ ಭಟ್ಟಿಯಲ್ಲಿ ಸುಟ್ಟು ಉಬ್ಬಿಸಿದ ಜೇಡಿಮಣ್ಣಿನ ಗುಂಡುಗಳು. ತೂತಿನ ಕೆಳಗೆ ನಿಂತ ನೀರನ್ನು ಗುಂಡುಗಳು ದೀಪದ ಬತ್ತಿಯ ಹಾಗೆ ಮೇಲಕ್ಕೆ ಹೀರುತ್ತವೆ, ಸಂದಿಯಲ್ಲಿ ಗಾಳಿ ಆಡುತ್ತದೆ. ಆರ್ಕಿಡ್ ಬೇರಿಗೆ ತೇವವೂ ಬೇಕು, ಗಾಳಿಯೂ ಬೇಕು. ನಮ್ಮ ಮಲೆನಾಡಿನ ಸೀತಾಳೆ ದಂಡೆ ನೋಡಿದ್ದೀರಲ್ಲ? ಮರದ ಮೇಲೇ ಬದುಕಿದರೂ ಅದು ಬಂದಳಿಕೆಯ ಹಾಗೆ ಮರದ ರಸ ಹೀರೋದಿಲ್ಲ. ತೊಗಟೆ ಹಿಡಿದುಕೊಂಡು ಮಳೆ, ಮಂಜು, ಗಾಳಿ ನಂಬಿಕೊಂಡಿರುತ್ತೆ. ಅದರ ವಂಶವೆಲ್ಲ ಮಳೆ ನೀರು ಕುಡಿದೇ ಬೆಳೆದದ್ದು.

ಈ ಮಣ್ಣಿಲ್ಲದ ಬೇಸಾಯಕ್ಕೂ ಇತಿಹಾಸ ಇದೆ. ಜರ್ಮನಿಯ ಸ್ಯಾಕ್ಸ್ ಮತ್ತು ಕ್ನೋಪ್ 1860ರ ದಶಕದಲ್ಲೇ ಬರೀ ಲವಣದ ನೀರಿನಲ್ಲಿ ಗಿಡ ಬೆಳೆಸಿ ತೋರಿಸಿದ್ದರು. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಗೆರಿಕೆ ಅದನ್ನು ಪ್ರಯೋಗಾಲಯದಿಂದ ಹೊರಗೆ ತಂದು 'ಹೈಡ್ರೋಪೋನಿಕ್ಸ್' ಅಂತ ಹೆಸರು ಚಾಲ್ತಿಗೆ ತಂದ. ನಮ್ಮ ದೇಶದಲ್ಲಿ 1940ರ ದಶಕದಲ್ಲಿ ಶೋಲ್ಟೋ ಡಗ್ಲಾಸ್ ಅನ್ನುವವರು ಕಾಲಿಂಪಾಂಗ್‌ನಲ್ಲಿ ಜಲ್ಲಿ ತುಂಬಿದ ತೊಟ್ಟಿಗೆ ಲವಣ ಉದುರಿಸಿ ನೀರು ಹಾಕುವ ಅಗ್ಗದ ವಿಧಾನ ಮಾಡಿದರು. ಅದಕ್ಕೆ 'ಬಂಗಾಳ ಪದ್ಧತಿ' ಅಂತಲೇ ಹೆಸರು. ಇವರೆಲ್ಲರ ಪಾಠ ಒಂದೇ: ಮಣ್ಣಿಲ್ಲದಿದ್ದರೆ ತಪ್ಪು ಮುಚ್ಚಿಡೋಕೆ ಜಾಗ ಇಲ್ಲ. ನೀರಿನಲ್ಲಿ ಏನಿದೆಯೋ ಅದೇ ಬೇರಿಗೆ.

ಹಾಗಾದರೆ ನಮ್ಮ ನೀರಿನಲ್ಲಿ ಏನಿದೆ? ಅದು ಎಲ್ಲಿಂದ ಬರುತ್ತದೆ ಅನ್ನೋದರ ಮೇಲೆ ನಿಂತಿದೆ. ಇಲ್ಲೇ ನೋಡಿ ದಂಡಿನ ಕತೆ ಬರೋದು.

1809ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣದಿಂದ ಸೈನ್ಯ ತಂದು ಹಲಸೂರಿನ ಪಕ್ಕ ದಂಡು ಕಟ್ಟಿದಾಗ ಕುಡಿಯೋಕೆ ಇದ್ದದ್ದು ಕೆರೆ ಮತ್ತು ಬಾವಿ. ಹಲಸೂರು ಕೆರೆ ಅಂದರೆ ನಿಂತ ಮಳೆ ನೀರೇ ತಾನೆ! ಆಮೇಲೆ 1876-78ರ ಮಹಾಕ್ಷಾಮ ಬಂತು, ಕೆರೆಗಳನ್ನು ನಂಬಿದವರು ಕಂಗೆಟ್ಟರು. 1882ರಲ್ಲಿ ಸ್ಯಾಂಕಿ ಕೆರೆ ಆಯಿತು. ಅದೂ ಸಾಲದೆ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಅರ್ಕಾವತಿಗೆ ಹೆಸರಘಟ್ಟದಲ್ಲಿ ಕಟ್ಟೆ ಕಟ್ಟಿ, 1896ರಲ್ಲಿ ಕೊಳಾಯಿ ನೀರು ತಂದರು. 1920ರ ದಶಕದಲ್ಲಿ ಹೆಸರಘಟ್ಟವೂ ಕೈಕೊಟ್ಟಿತು, 1933ಕ್ಕೆ ತಿಪ್ಪಗೊಂಡನಹಳ್ಳಿ ಬಂತು. ಊರು ಬೆಳೆಯಿತು, ಅದೂ ಸಾಲಲಿಲ್ಲ. 1974ರಲ್ಲಿ ಕಾವೇರಿ ಬಂದಳು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಹೆಚ್ಚೂಕಡಿಮೆ ಅರ್ಧ ಕಿಲೋಮೀಟರ್ ಎತ್ತರಕ್ಕೆ ಪಂಪಿನ ಮೇಲೆ ಪಂಪು ಹತ್ತಿ!

ಪ್ರತಿ ಸಲವೂ ಅದೇ ಕತೆ. ನೀರು ಸಾಲದಾದಾಗ ಇನ್ನಷ್ಟು ದೂರ ಹೋದೆವು. ಕಾವೇರಿ ಪೈಪು ಬಾರದ ಪೂರ್ವದ ಬಡಾವಣೆಗಳಲ್ಲಿ ದೂರ ಹೋಗೋಕಾಗದೆ ಆಳಕ್ಕೆ ಇಳಿದೆವು. ಕೊಳವೆಬಾವಿಯ ನೀರು ಕಲ್ಲಿನ ಬಿರುಕಿನಲ್ಲಿ ವರ್ಷಗಟ್ಟಲೆ ಕೂತು ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಕರಗಿಸಿಕೊಂಡಿರುತ್ತದೆ. ಗಡಸು ನೀರು ಅನ್ನೋದು ಅದಕ್ಕೇ.

ನನ್ನ ಹತ್ತಿರ ಒಂದು ಚಿಕ್ಕ ಟಿಡಿಎಸ್ ಮೀಟರ್ ಇದೆ. ಇಂದಿರಾನಗರದಲ್ಲಿ ತಂಗಿ ಮನೆಯ ಕಾವೇರಿ ನೀರಿಗೆ ಅದು 210 ತೋರಿಸಿತು, ನಮ್ಮ ಫ್ಲಾಟಿನ ಬೋರ್ ನೀರಿಗೆ 880, ಬಕೆಟ್ಟಿನ ಮಳೆ ನೀರಿಗೆ 18. ಕುಡಿಯುವ ನೀರಿಗೆ 500ರ ಒಳಗಿದ್ದರೆ ಒಳ್ಳೇದು, ಬೇರೆ ಮೂಲ ಇಲ್ಲದಿದ್ದರೆ 2000ದವರೆಗೆ ಪರವಾಗಿಲ್ಲ ಅನ್ನುತ್ತದೆ ಭಾರತೀಯ ಮಾನಕ. ಮನುಷ್ಯ ತಡೆದುಕೊಳ್ಳುತ್ತಾನೆ. ಆರ್ಕಿಡ್ ತಡೆಯೋದಿಲ್ಲ.

2024ರ ಬೇಸಿಗೆ ನೆನಪಿದೆಯಲ್ಲ? ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಅಂತ ಮುಖ್ಯಮಂತ್ರಿಗಳೇ ಹೇಳಿದ ವರ್ಷ. ನಮ್ಮಲ್ಲಿ ಟ್ಯಾಂಕರ್ ನೀರು. ಅದರ ಗಡಸಿಗೆ ಗೀಸರ್ ಕೆಡುತ್ತೆ, ಕೂದಲು ಉದುರುತ್ತೆ ಅಂತ ಎಲ್ಲರೂ ಸೇರಿ ಒಂದು ಸಾಫ್ಟ್‌ನರ್ ಹಾಕಿಸಿದೆವು. ಸೋಪು ಚೆನ್ನಾಗಿ ನೊರೆ ಬಂತು. ಎಲ್ಲರಿಗೂ ಖುಷಿ. ನನಗೂ! ಗುಂಡುಗಳ ಮೇಲೆ ಬಿಳಿ ಪೊರೆ ಕಟ್ಟೋದು ನಿಂತಿತಲ್ಲ...

ಎರಡು ತಿಂಗಳಿಗೆ ಎಲೆಯ ತುದಿ ಕಪ್ಪಾಯಿತು. ಹೊಸ ಬೇರಿನ ಹಸಿರು ತುದಿಗಳು ಕಂದಿದವು. ಗೊಬ್ಬರ ಜಾಸ್ತಿಯಾಯಿತೇನೋ ಅಂತ ನಿಲ್ಲಿಸಿದೆ. ಇನ್ನೂ ಹಾಳಾಯಿತು. ಮೀಟರ್ ಇಟ್ಟರೆ ಸಾಫ್ಟ್‌ನರ್‌ಗೆ ಮುಂಚೆ 880, ಆದಮೇಲೆ 890. ಹಾಗಾದರೆ ಬದಲಾಗಿದ್ದೇನು? ಒಂದು ದಿನ ಸುಮ್ಮನೆ ಪಂಪ್ ನೋಡಿಕೊಳ್ಳುವವರನ್ನು ಕೇಳಿದೆ. "ಅದಕ್ಕೆ ವಾರಕ್ಕೆ ಒಂದು ಮೂಟೆ ಉಪ್ಪು ಹಾಕ್ತೀವಿ ಸಾರ್" ಅಂದರು.

ಉಪ್ಪು! ಸಾಫ್ಟ್‌ನರ್ ಲವಣ ತೆಗೆಯೋದಿಲ್ಲ, ಅದಲುಬದಲು ಮಾಡುತ್ತದೆ ಅಷ್ಟೇ. ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ. ಗಿಡಕ್ಕೆ ಬೇಕಾದ್ದು ಹೋಯಿತು, ಬೇಡವಾದ್ದು ಬಂತು. ಮೀಟರ್ ಎಷ್ಟು ಅಂತ ಹೇಳುತ್ತೆ, ಯಾವುದು ಅಂತ ಹೇಳೋದಿಲ್ಲ. ಅಮ್ಮನ ಗಿಡದಿಂದ ಮಾಡಿಕೊಂಡಿದ್ದ ಆರು ಕುಂಡಗಳಲ್ಲಿ ಐದು ಹೋದವು. ನಾನು ದಿನಾ ಬೆಳಿಗ್ಗೆ ಪ್ರೀತಿಯಿಂದ ಉಪ್ಪು ನೀರು ಕುಡಿಸಿದ್ದೆ.

ಉಳಿದ ಒಂದನ್ನು ಆ ಜೂನಿನ ಮಳೆ ಕಾಪಾಡಿತು. ಗುಂಡುಗಳನ್ನೆಲ್ಲ ತೆಗೆದು ಮಳೆ ನೀರಿನಲ್ಲಿ ಮೂರು ದಿನ ನೆನೆಸಿ ತೊಳೆದೆ. ಸತ್ತ ಬೇರು ಕತ್ತರಿಸಿದೆ. ಹೊಸ ಬೇರು ಮೊಳೆತ ಮೇಲೇ ಮತ್ತೆ ಕುಂಡಕ್ಕೆ ಇಟ್ಟೆ.

ಆಹಾರದ ಲೆಕ್ಕವೂ ಆಗಲೇ ಅರ್ಥವಾದದ್ದು. ಅಮೆರಿಕದ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಆರ್ಕಿಡ್ ಗೊಬ್ಬರದಲ್ಲಿ ಎರಡು ಬಗೆ. ಬಾವಿ ನೀರಿಗೆ 19-4-23, ಮಳೆ ಅಥವಾ ಆರ್‌ಓ ನೀರಿಗೆ 13-3-15. ಎರಡನೆಯದರಲ್ಲಿ ಕ್ಯಾಲ್ಸಿಯಂ 8, ಮೆಗ್ನೀಸಿಯಂ 2 ಭಾಗ ಸೇರಿದೆ, ಯಾಕೆಂದರೆ ಮಳೆ ನೀರಿನಲ್ಲಿ ಅವು ಇಲ್ಲ. ಮೊದಲು ನೀರು ಯಾವುದು ಅಂತ ಕೇಳಿ, ಆಮೇಲೆ ಗೊಬ್ಬರ. ನಮ್ಮಲ್ಲಿ ಸುಲಭವಾಗಿ ಸಿಗುವ 19:19:19ರ ಸಾರಜನಕದಲ್ಲಿ ಅರ್ಧಕ್ಕರ್ಧ ಯೂರಿಯಾ ಇರುತ್ತೆ. ಅದನ್ನು ಬೇರಿಗೆ ಒಗ್ಗಿಸುವ ಸೂಕ್ಷ್ಮಜೀವಿಗಳು ಬರೀ ಗುಂಡುಗಳಲ್ಲಿ ಕಡಿಮೆ. ನಾನೀಗ 13-3-15ನ್ನು ಲೀಟರಿಗೆ ಕಾಲು ಗ್ರಾಂ ಹಾಕುತ್ತೇನೆ. ಅಂದರೆ ಸಾರಜನಕ ಸುಮಾರು 30 ಪಿಪಿಎಂ. ಪ್ರತಿ ಸಲ ಕುಂಡ ತುಂಬಾ ಸುರಿದು, ಹಳೇ ನೀರು ತೂತಿನಿಂದ ಪೂರ್ತಿ ಹೋಗೋಕೆ ಬಿಡುತ್ತೇನೆ. ನಿಂತ ಲವಣ ತೊಳೆದು ಹೋಗಬೇಕು, ಅದೇ ಗುಟ್ಟು.

ಅಂದ ಹಾಗೆ, ಒಂದು ಲೆಕ್ಕ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಸಾವಿರ ಚದರಡಿ ಮಾಳಿಗೆಯ ಮೇಲೆ ಹೆಚ್ಚುಕಡಿಮೆ 90 ಸಾವಿರ ಲೀಟರ್! ಸರ್ಕಾರ 2009ರಲ್ಲಿ ದೊಡ್ಡ ನಿವೇಶನಗಳಿಗೆ ಮಳೆಕೊಯ್ಲು ಕಡ್ಡಾಯ ಮಾಡಿತು. 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತವೂ ಉದ್ಘಾಟನೆಯಾಯಿತು. ದೂರದ ನೀರು ಬೇಡ ಅಂತ ನಾನು ಹೇಳುತ್ತಿಲ್ಲ. ಇಷ್ಟು ದೊಡ್ಡ ಊರಿಗೆ ಅದು ಬೇಕೇ ಬೇಕು. ಆದರೆ ಹಲಸೂರು ಕೆರೆಯಿಂದ ಕಾವೇರಿವರೆಗೆ ನೀರು ಹುಡುಕಿಕೊಂಡು ಹೋದ ಇನ್ನೂರು ವರ್ಷದಲ್ಲಿ, ತಲೆ ಮೇಲೆ ಬೀಳುವ ನೀರನ್ನು ಮೋರಿಗೆ ಬಿಡೋದೇ ನಮಗೆ ಅಭ್ಯಾಸವಾಗಿಬಿಟ್ಟಿತು.

ಆ ಉಳಿದ ಗಿಡ ಹೋದ ತಿಂಗಳು ಹೂ ಬಿಟ್ಟಿತು. ಒಂದೇ ಕಡ್ಡಿ, ನಾಲ್ಕೇ ಹೂ. ಬಿಳಿ, ನಡುವೆ ನೇರಳೆ.

ಹಂಡೆ ಈಗ ತಂಗಿ ಮನೆಯಲ್ಲಿದೆ, ಅದರೊಳಗೆ ಹಳೇ ಪೇಪರ್ ತುಂಬಿದ್ದಾಳೆ. ಮುಂದಿನ ವಾರ ಹೋಗಿ ತರಬೇಕು.