ಹೊರೆಗಲ್ಲೂ ಬಸ್ಕಿಯ ಕಂಬವೂ

ಹಳೆಯ ಮೈಸೂರು ಸೀಮೆಯ ಹಳ್ಳಿದಾರಿಗಳಲ್ಲಿ ಓಡಾಡಿದವರು ಹೊರೆಗಲ್ಲನ್ನು ಕಂಡಿರಬಹುದು. ನೆಟ್ಟಗೆ ನಿಲ್ಲಿಸಿದ ಎರಡು ಕಲ್ಲುಗಂಬಗಳು, ಅವುಗಳ ಮೇಲೆ ಅಡ್ಡಲಾಗಿ ಒಂದು ಚಪ್ಪಡಿ; ಇಷ್ಟೇ. ಗುಡಿಯ ಬಾಗಿಲೆಂದು ತಿಳಿದು ಗುಡಿಯೆಲ್ಲಿ ಎಂದು ಹುಡುಕುವವರೂ ಉಂಟು. ತಲೆಹೊರೆ ಹೊತ್ತು ಬರುವ ದಾರಿಹೋಕನು ಇನ್ನೊಬ್ಬರ ಕೈ ಬೇಡದೆ ಹೊರೆಯನ್ನು ಚಪ್ಪಡಿಯ ಮೇಲೆ ಸರಿಸಿ, ಬೆವರು ಒರಸಿಕೊಂಡು, ಒಂದು ಗಳಿಗೆಯ ಮೇಲೆ ಮತ್ತೆ ಅದರ ಅಡಿಗೆ ತಲೆಗೊಟ್ಟು ಮುಂದೆ ನಡೆಯಲೆಂದು ಇದನ್ನು ನೆಡುತ್ತಿದ್ದರು. ನೋಡಲು ಸಾಮಾನ್ಯವಾದ ಈ ಕಲ್ಲಿನಲ್ಲಿ ಜಾಣತನವಿರುವುದು ಅದರ ಎತ್ತರದಲ್ಲಿ. ಚಪ್ಪಡಿ ತೀರ ತಗ್ಗಿದ್ದರೆ ಹೊತ್ತವನು ಬಗ್ಗಬೇಕು, ಬಗ್ಗಿದರೆ ಹೊರೆ ಜಾರುತ್ತದೆ. ತೀರ ಎತ್ತರವಿದ್ದರೆ ದಣಿದ ಕೈಗಳಿಂದ ಹೊರೆಯನ್ನು ಮೇಲೆತ್ತಬೇಕು. ಆಳಿನ ಅಳತೆಗೆ ಹೊಂದಿದ ಕಲ್ಲು ಮಾತ್ರ ಇಳಿಸುವುದಕ್ಕೂ ಏರಿಸಿಕೊಳ್ಳುವುದಕ್ಕೂ ಅನುಕೂಲ.

ಬೆಂಗಳೂರು ದಕ್ಷಿಣ ತಾಲ್ಲೂಕಿನ ಹೋಬಳಿಯೊಂದಕ್ಕೆ ಹೆಸರು ಕೊಟ್ಟ ಉತ್ತರಹಳ್ಳಿ ಇಂದು ನಗರದೊಳಗೇ ಸೇರಿಹೋಗಿದೆ. ತಲೆಹೊರೆಯ ಕಾಲ ಮುಗಿಯಿತು. ಆದರೆ ಅಲ್ಲಿಯೂ ಬನಶಂಕರಿ, ಜಯನಗರಗಳ ಕಡೆಯೂ ಅಂಗಡಿಗಳ ಮೇಲಿನ ಮಹಡಿಗಳನ್ನು ಹತ್ತಿ ನೋಡಿ. ಎರಡು ಕಬ್ಬಿಣದ ಕಂಬ, ಅವುಗಳ ಕೊಕ್ಕೆಗಳ ಮೇಲೆ ಅಡ್ಡಲಾಗಿ ಒಂದು ರಾಡು, ರಾಡಿನ ತುದಿಗಳಲ್ಲಿ ಪ್ಲೇಟುಗಳು; ಅದರ ಕೆಳಗೆ ಹೆಗಲು ಕೊಟ್ಟು ನಿಂತ ಯಾರ ಮನೆಯದೋ ಹುಡುಗ ಅಥವಾ ಹುಡುಗಿ. ನಿಮ್ಮ ಮನೆಯವರೇ ಇದ್ದರೂ ಇರಬಹುದು. ಅವರು ಮಾಡುತ್ತಿರುವ ವ್ಯಾಯಾಮಕ್ಕೆ ನಮ್ಮ ಹೆಸರು ಬಸ್ಕಿ. ಅವರು ನಂಬಿ ನಿಂತಿರುವ ಕಂಬಗಳು ಹೊರೆಗಲ್ಲಿನ ಕೆಲಸವನ್ನೇ ಮಾಡುತ್ತವೆ. ಈ ಕಂಬಗಳು ಬರುವುದಕ್ಕೆ ಎಷ್ಟು ಕಾಲ ಹಿಡಿಯಿತು, ಬಂದ ಮೇಲೂ ಅವುಗಳನ್ನು ನಾವು ಎಷ್ಟು ಅಲಕ್ಷ್ಯದಿಂದ ಬಳಸುತ್ತೇವೆ ಎಂಬುದನ್ನು ನಿಮ್ಮ ಮುಂದಿಡುವುದೇ ಈ ಬರೆಹದ ಉದ್ದೇಶ.

ಭಾರ ಹೊತ್ತು ಮೈ ಬೆಳೆಸುವುದು ನಮಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಸುಮಾರು 1129ರದು. ಅದರ ಮಲ್ಲವಿನೋದದ ಭಾಗದಲ್ಲಿ ಜಟ್ಟಿಗಳು ಮಾಡಬೇಕಾದ ಸಾಧನೆಗಳನ್ನು ಹೇಳುವಾಗ ಈಜು, ಕಂಬದ ಸಾಧನೆಗಳ ಜೊತೆಗೆ ‘ಭಾರಶ್ರಮ’ವೂ ಬರುತ್ತದೆ. ಮುಂದೆ ಮೈಸೂರಿನ ಗರಡಿಗಳಲ್ಲಿ ಕೆಮ್ಮಣ್ಣಿನ ಮಟ್ಟಿಯ ಪಕ್ಕದಲ್ಲೇ ಗದೆ, ಕಲ್ಲುಗುಂಡುಗಳು ಕುಳಿತವು. ದಂಡ, ಬಸ್ಕಿಗಳನ್ನು ನೂರುಗಟ್ಟಲೆ ಲೆಕ್ಕದಲ್ಲಿ ಹೊಡೆಯುತ್ತಿದ್ದರು. ಬರಿಮೈಯ ಬಸ್ಕಿ ಸಾಲದಾದಾಗ ಪೈಲ್ವಾನನು ಜೊತೆಗಾರನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್ಕಿ ಹೊಡೆಯುತ್ತಿದ್ದ. ಈ ಹೊರೆಗೆ ಒಂದು ದೊಡ್ಡ ಗುಣವಿತ್ತು: ಅದಕ್ಕೆ ಕಾಲುಗಳಿದ್ದವು! ಕೆಳಗಿನವನು ಸೋತರೆ ಮೇಲಿನವನು ತಾನಾಗಿಯೇ ಹಾರಿ ಇಳಿಯುತ್ತಿದ್ದ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಗುಂಡು, ಸಂಗ್ರಾಣಿ ಕಲ್ಲು, ಜೋಳದ ಚೀಲಗಳನ್ನು ಎತ್ತುವ ಪಂದ್ಯಗಳಿವೆಯಷ್ಟೆ. ಅಲ್ಲಿಯೂ ಸೋತ ಕ್ಷಣ ಭಾರವನ್ನು ಮಣ್ಣಿಗೆ ಬಿಟ್ಟು ಪಕ್ಕಕ್ಕೆ ಸರಿದರೆ ಮುಗಿಯಿತು. ಒಟ್ಟಿನಲ್ಲಿ ಗರಡಿಯ ಭಾರಕ್ಕೆ ಇಳಿಯುವ ದಾರಿ ಇದ್ದೇ ಇತ್ತು. ಮೇಲಾಗಿ ವಸ್ತಾದರು ಎದುರಿಗೇ ನಿಂತಿರುತ್ತಿದ್ದರು.

ಕಬ್ಬಿಣದ ರಾಡು ಬಂದಾಗ ಈ ವ್ಯವಸ್ಥೆ ಬದಲಾಯಿತು. ಬೆಂಗಳೂರಿನ ಮಟ್ಟಿಗೆ ಈ ಹೊಸ ವಿದ್ಯೆಯನ್ನು ಮನೆಮಾತಾಗಿ ಮಾಡಿದವರಲ್ಲಿ ಪ್ರೊಫೆಸರ್ ಕೆ. ವಿ. ಅಯ್ಯರ್ ಅವರ ಹೆಸರು ಮೊದಲು ಬರಬೇಕು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ನೀವು ಅವರನ್ನು ಬಲ್ಲಿರಿ. ಅವರು ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದವರು. ಬಾರ್‌ಬೆಲ್ ಸಾಧನೆಯನ್ನೂ ಹಠಯೋಗದ ಆಸನಗಳನ್ನೂ ಒಂದೇ ಕ್ರಮದೊಳಗೆ ತಂದವರು. 1930ರಲ್ಲಿ ಸ್ನಾಯುಸಾಧನೆಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದವರು. ಅಷ್ಟೇ ಅಲ್ಲ, ಅಂಚೆಯ ಮೂಲಕ ದೂರದೂರದ ಶಿಷ್ಯರಿಗೆ ವ್ಯಾಯಾಮ ಕಲಿಸಿದವರು. ಎಲ್ಲಿಯೋ ಇರುವ ಹುಡುಗನಿಗೂ ಬೆಂಗಳೂರಿನ ಗುರು ದೊರೆತದ್ದು ಆ ಕಾಲಕ್ಕೆ ದೊಡ್ಡ ಮಾತೇ ಸರಿ. ಆದರೆ ಅಂಚೆಯಲ್ಲಿ ಪಾಠ ಹೋಗುತ್ತದೆ, ಬೆನ್ನ ಹಿಂದೆ ನಿಲ್ಲುವ ವಸ್ತಾದರು ಹೋಗುವುದಿಲ್ಲ. ತನ್ನ ಕೋಣೆಯಲ್ಲಿ ಒಬ್ಬನೇ ರಾಡಿನೆದುರು ನಿಂತ ಸಾಧಕನೆಂಬ ಹೊಸ ಮನುಷ್ಯ ಹುಟ್ಟಿದ್ದು ಹೀಗೆ. ಇಂದು ಮೊಬೈಲಿನಲ್ಲಿ ನೋಡಿ ಕಲಿಯುವವರೂ ಆತನ ವಂಶಕ್ಕೇ ಸೇರಿದವರು.

ಒಬ್ಬನೇ ಇರುವವನು ರಾಡನ್ನು ಹೆಗಲಿಗೆ ತರುವುದು ಹೇಗೆ? ಪಂದ್ಯದ ಪ್ಲೇಟಿನ ಅಡ್ಡಳತೆ 45 ಸೆಂಟಿಮೀಟರು. ಅಂದರೆ ನೆಲದ ಮೇಲಿರುವ ರಾಡು ನೆಲದಿಂದ ಇಪ್ಪತ್ತೆರಡೂವರೆ ಸೆಂಟಿಮೀಟರು ಎತ್ತರದಲ್ಲಿರುತ್ತದೆ. ಅಲ್ಲಿಂದ ಅದನ್ನು ತಲೆಯ ಮೇಲಕ್ಕೆತ್ತಿ ಹಿಂದಕ್ಕೆ ಹೆಗಲಿಗೆ ಇಳಿಸಿಕೊಳ್ಳಬೇಕು. ತಲೆಯ ಮೇಲೆತ್ತಲು ಸಾಧ್ಯವಾಗುವಷ್ಟು ಭಾರ ಕಾಲುಗಳಿಗೆ ಏನೇನೂ ಸಾಲದು. ಆದುದರಿಂದ ಭಾರೀ ಬಸ್ಕಿ ಎಂಬುದು ಬಹುಕಾಲ ಅಪರೂಪವಾಗಿಯೇ ಇತ್ತು. ಇದಕ್ಕೆ ವಿಚಿತ್ರವಾದ ಉಪಾಯವೊಂದನ್ನು ಪ್ರಸಿದ್ಧಿಗೆ ತಂದವನು ಜರ್ಮನಿಯ ಹೆನ್ರಿ ಸ್ಟೈನ್‌ಬೋರ್ನ್. ಜನ ಅವನನ್ನು ಮೈಲೋ ಎಂದೇ ಕರೆದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆಸ್ಟ್ರೇಲಿಯದ ಸೆರೆಶಿಬಿರದಲ್ಲಿದ್ದು, 1921ರಲ್ಲಿ ಅಮೆರಿಕಕ್ಕೆ ಬಂದವನು. ಭಾರ ತುಂಬಿದ ರಾಡನ್ನು ಅವನು ಒಂದು ತುದಿಯ ಮೇಲೆ ಒನಕೆಯಂತೆ ನೆಟ್ಟಗೆ ನಿಲ್ಲಿಸುತ್ತಿದ್ದ. ಅದರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಹೆಗಲಿನ ಮೇಲಕ್ಕೆ ವಾಲಿಸಿಕೊಂಡು ಏಳುತ್ತಿದ್ದ. ಬಸ್ಕಿ ಮುಗಿದ ಮೇಲೆ ಅದೇ ದಾರಿಯಲ್ಲಿ ವಾಲಿಸಿ ನೆಲಕ್ಕಿಳಿಸುತ್ತಿದ್ದ. 1920ರ ದಶಕದ ಆರಂಭದಲ್ಲಿ ಹೀಗೆ 553 ಪೌಂಡು, ಎಂದರೆ ಸುಮಾರು 251 ಕಿಲೋ, ಹೊತ್ತನೆಂಬುದು ಇಂದಿಗೂ ಬೆರಗಿನಿಂದ ಹೇಳುವ ಮಾತು. ಅವನ ಸಾಹಸ ಮೆಚ್ಚುವಂಥದೇ. ಆದರೆ ಅನುಕರಿಸಲು ಹೋದವರ ಬೆನ್ನಿಗೆ ದೇವರೇ ಗತಿ.

ಸ್ಟೈನ್‌ಬೋರ್ನನನ್ನು ಕಂಡು ಅಮೆರಿಕದಲ್ಲಿ ಬಸ್ಕಿಯ ಹುಚ್ಚು ಹತ್ತಿತು. ಆದರೆ ರಾಡನ್ನು ವಾಲಿಸಿಕೊಳ್ಳುವ ಕಷ್ಟ ಯಾರಿಗೂ ಬೇಕಿರಲಿಲ್ಲ. ಆಗ ಬಿಡಿ ಕಂಬಗಳ ಜೋಡಿಗಳು ಬಳಕೆಗೆ ಬಂದವು. ಸಾವಿರಾರು ಜನ ಹೊರೆಗಲ್ಲಿನ ಅಡಿಯಲ್ಲಿ ತಲೆಗೊಟ್ಟು ಏಳುತ್ತಿದ್ದ ನಮ್ಮ ದಾರಿಗಳನ್ನು ನೆನೆದರೆ ನಗು ಬರುತ್ತದೆ; ಉಪಾಯ ಅದೇ. ಬಿಡಿ ಕಂಬಗಳು ಬಸ್ಕಿಗೆ ಹೊರಡುವ ತಾವನ್ನು ಕೊಟ್ಟವು. ನಡುದಾರಿಯಲ್ಲಿ ಸೋತವನಿಗೆ ತಾವು ಕೊಟ್ಟದ್ದು ನಾಲ್ಕು ಕಂಬಗಳ ಚೌಕಟ್ಟು. ಇದು ಹೆಸರಾದ ಬಗೆಯೂ ಸ್ವಾರಸ್ಯವಾಗಿದೆ. 1960ರ ದಶಕದ ಆರಂಭದಲ್ಲಿ ಯಾರ್ಕ್ ಪಟ್ಟಣದ ಬಾಬ್ ಹಾಫ್‌ಮನ್ ಎಂಬ ಬಾರ್‌ಬೆಲ್ ತಯಾರಕನು ಅಲುಗದ ರಾಡನ್ನು ಬಲವಾಗಿ ತಳ್ಳಿ ನಿಲ್ಲುವುದೇ ಶಕ್ತಿಯ ಗುಟ್ಟೆಂದು ಸಾರಿದ. ಅದಕ್ಕಾಗಿ ಉದ್ದಕ್ಕೂ ತೂತುಗಳಿರುವ, ತೂತುಗಳಲ್ಲಿ ಅಡ್ಡಸರಳುಗಳನ್ನು ತೂರಿಸುವ ಚೌಕಟ್ಟುಗಳನ್ನು ಮಾರಿದ. ಆ ಗುಟ್ಟಿನ ಗದ್ದಲ ಕೆಲವೇ ವರ್ಷಗಳಲ್ಲಿ ಅಡಗಿತು. ಚೌಕಟ್ಟು ಮಾತ್ರ ಉಳಿಯಿತು. ರಾಡನ್ನು ಅಲುಗದಂತೆ ತಡೆಯುವ ಸರಳು ಬೀಳುವ ರಾಡನ್ನೂ ತಡೆಯಬಲ್ಲದಷ್ಟೆ!

1972ರಲ್ಲಿ ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಒಕ್ಕೂಟ ಸ್ಥಾಪನೆಯಾಯಿತು. ಅದರ ಪಂದ್ಯಗಳಲ್ಲಿ ಮೊದಲನೆಯ ಎತ್ತೇ ಬಸ್ಕಿ. ಸಹಾಯಕರು ಇಬ್ಬರಿಗಿಂತ ಕಡಮೆ ಇರಬಾರದು, ಐವರನ್ನು ಮೀರಬಾರದು ಎಂಬುದು ನಿಯಮ. ಸ್ಪರ್ಧಿ ಎದ್ದು ನಿಂತೊಡನೆ ಎತ್ತು ಮುಗಿಯುವುದಿಲ್ಲ. ನಿಶ್ಚಲವಾಗಿ ನಿಂತ ಮೇಲೆ ಮುಖ್ಯ ತೀರ್ಪುಗಾರರು ಕೈಸನ್ನೆಯೊಡನೆ ‘ರ್ಯಾಕ್’ ಎಂದು ಕೂಗಬೇಕು. ಆ ಮೇಲೆಯೇ ರಾಡು ಕೊಕ್ಕೆಗೆ ಮರಳಬೇಕು. ಇಳಿಸುವುದೂ ಎತ್ತಿನ ಒಂದು ಭಾಗವೆಂದು ಒಪ್ಪಿದ ಈ ನಿಯಮ ನನಗೆ ಬಹಳ ಹಿಡಿಸುತ್ತದೆ. ವೇಟ್‌ಲಿಫ್ಟಿಂಗಿನಲ್ಲಿ ಹೀಗಲ್ಲ. ಕುಂದಾಪುರದ ಕಡೆಯ ಗುರುರಾಜ ಪೂಜಾರಿಯವರು 2018ರ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ ಬೆಳ್ಳಿಯನ್ನೂ 2022ರಲ್ಲಿ ಕಂಚನ್ನೂ ಗೆದ್ದರು. ಅವರ ಪಂದ್ಯದಲ್ಲಿ ಎತ್ತಿದ ಭಾರವನ್ನು ಮುಂದಕ್ಕೆ ನೆಲಕ್ಕೆ ಬಿಡಬಹುದು. ಬೆನ್ನ ಮೇಲಿನ ಬಸ್ಕಿಯ ರಾಡು ಹಾಗಲ್ಲ. ಅದು ಮುಂದಕ್ಕೆ ಉರುಳಿದರೆ ದಾರಿಯಲ್ಲಿರುವುದು ಕತ್ತು.

ಇದನ್ನು ಹೆದರಿಸಲೆಂದು ಹೇಳುತ್ತಿಲ್ಲ. 2025ರ ಫೆಬ್ರವರಿಯಲ್ಲಿ ರಾಜಸ್ಥಾನದ ಬಿಕಾನೇರಿನಲ್ಲಿ 17 ವರ್ಷದ ಪವರ್‌ಲಿಫ್ಟರ್ ಹುಡುಗಿ ಅಭ್ಯಾಸದ ವೇಳೆ ಕತ್ತಿನ ಮೇಲೆ 270 ಕಿಲೋ ಭಾರ ಬಿದ್ದು ತೀರಿಕೊಂಡಳು. ಪದಕ ಗೆದ್ದವಳು, ತರಬೇತುದಾರರ ಸಮ್ಮುಖದಲ್ಲೇ ಇದ್ದವಳು. ಅಷ್ಟು ಭಾರ ಜಾರಲು ತೊಡಗಿದ ಮೇಲೆ ಹಿಂದೆ ನಿಂತ ಒಬ್ಬ ಮನುಷ್ಯನಿಂದ ಏನಾದೀತು? ಅಲ್ಲಿ ಕೆಲಸಕ್ಕೆ ಬರುವುದು ಮೊದಲೇ ಸರಿಯಾಗಿ ಹೂಡಿಟ್ಟ ಕಬ್ಬಿಣದ ಸರಳು.

ಆದುದರಿಂದ ರಾಡಿನ ಅಡಿಗೆ ಹೋಗುವ ಮುನ್ನ ನೋಡಬೇಕಾದದ್ದು ಹೊರೆಗಲ್ಲಿನ ಮಾತೇ: ಎತ್ತರ. ಕೊಕ್ಕೆಗಳು ನಿಮ್ಮ ಎದೆಯ ಮೇಲ್ಭಾಗದ ಮಟ್ಟಕ್ಕಿರಲಿ. ಮೊಣಕಾಲು ಸ್ವಲ್ಪ ಬಾಗಿಸಿ ಒಳಗೆ ಹೋಗಿ, ಕಾಲು ನೇರ ಮಾಡಿದರೆ ರಾಡು ಕೊಕ್ಕೆಯಿಂದ ಬಿಡಿಸಿಕೊಳ್ಳಬೇಕು. ನಿಮಗಿಂತ ಎತ್ತರದವನು ಬಿಟ್ಟುಹೋದ ಕೊಕ್ಕೆಯನ್ನು ಹಾಗೆಯೇ ಬಳಸುವ ಸೋಮಾರಿತನ ವ್ಯಾಯಾಮಶಾಲೆಗಳಲ್ಲಿ ಬಹಳ ಕಂಡುಬರುತ್ತದೆ. ಹೊರಡುವಾಗ ತುದಿಗಾಲಿನಲ್ಲಿ ಹೇಗೋ ಬಿಡಿಸಿಕೊಂಡವನು ದಣಿದು ಹಿಂದಿರುಗುವಾಗ ತುದಿಗಾಲಿನಲ್ಲಿ ನಿಲ್ಲಲಾರ. ಒಂದು ಬದಿ ಕೊಕ್ಕೆಗೆ ಬಿದ್ದು ಇನ್ನೊಂದು ಬದಿ ತಪ್ಪುವುದು ಆಗಲೇ. ಅಡ್ಡಸರಳುಗಳು ನೀವು ಪೂರ್ತಿ ಕುಳಿತಾಗ ರಾಡು ಇರುವ ಮಟ್ಟಕ್ಕಿಂತ ತುಸು ಕೆಳಗಿರಲಿ. ಭಾರವಿಲ್ಲದ ರಾಡಿನಿಂದಲೇ ಕುಳಿತು ನೋಡಿದರೆ ಅದು ಗೊತ್ತಾಗುತ್ತದೆ. ಪಂದ್ಯದ ಗಂಡಸರ ಬರಿ ರಾಡೇ 20 ಕಿಲೋ, ಹೆಂಗಸರದು 15. ಪರೀಕ್ಷೆಗೆ ಅಷ್ಟು ಸಾಕು. ಪ್ಲೇಟು ಜಾರದಂತೆ ಎರಡು ತುದಿಗೂ ಲಾಕು ಹಾಕಬೇಕು.

ಒಳಗೆ ಹೋಗುವಾಗ ಎರಡು ಪಾದಗಳೂ ರಾಡಿನ ನೇರಕ್ಕೆ ಕೆಳಗಿರಬೇಕು; ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಇಟ್ಟು ಏಳಬಾರದು. ಎದ್ದ ಮೇಲೆ ಹಿಂದಕ್ಕೆ ಎರಡು ಮೂರು ಸಣ್ಣ ಹೆಜ್ಜೆ ಸಾಕು, ಮೆರವಣಿಗೆ ಬೇಡ. ಬಸ್ಕಿ ಮುಗಿದು ಮರಳುವಾಗ ಕೊಕ್ಕೆಯನ್ನು ಹುಡುಕುತ್ತ ಅತ್ತಿತ್ತ ಕತ್ತು ತಿರುಗಿಸಿದರೆ ರಾಡೂ ತಿರುಗುತ್ತದೆ. ನೇರ ನೋಡುತ್ತ ಮುಂದೆ ನಡೆದು, ರಾಡು ಎರಡು ಕಂಬಗಳಿಗೂ ತಾಗಿದ ಸದ್ದು ಕೇಳಿದ ಮೇಲೆ ಮೊಣಕಾಲು ಬಾಗಿಸಿ ಇಳಿಸಿದರೆ ಕೊಕ್ಕೆ ತಾನಾಗಿ ಸಿಕ್ಕುತ್ತದೆ. ಸಪೋರ್ಟು ಕೊಡುವ ಗೆಳೆಯರಿದ್ದರೆ ಎರಡು ತುದಿಗೆ ಒಬ್ಬೊಬ್ಬರು ನಿಂತು, ರಾಡು ಪೂರ್ತಿ ಕೂತಿತೆಂದು ಕಣ್ಣಾರೆ ಕಂಡ ಮೇಲೆಯೇ ಕೈ ಬಿಡಬೇಕು.

ಇನ್ನು ಪ್ಲೇಟು ಬಿಚ್ಚುವುದು. ಬಸ್ಕಿ ಮುಗಿಯಿತೆಂಬ ನಿರಾಳದಲ್ಲಿ ಒಂದೇ ಬದಿಯ ಪ್ಲೇಟುಗಳನ್ನೆಲ್ಲ ತೆಗೆಯುವವರಿದ್ದಾರೆ. ಕೊಕ್ಕೆಗಳ ಮೇಲಿನ ರಾಡು ತಕ್ಕಡಿಯಂತೆ. ಇನ್ನೊಂದು ಬದಿಯಲ್ಲಿ ಭಾರ ಹಾಗೆಯೇ ಉಳಿದಿದ್ದರೆ ಬರಿದಾದ ತುದಿ ಒಮ್ಮೆಗೇ ಮೇಲಕ್ಕೆ ಹಾರಿ ಬಿಚ್ಚುತ್ತಿರುವವನ ದವಡೆಗೆ ಬಡಿಯುತ್ತದೆ. ಈ ಬದಿಯಿಂದ ಒಂದು, ಆ ಬದಿಯಿಂದ ಒಂದು, ಹೀಗೆ ಸುತ್ತಿ ಬಂದು ಬಿಚ್ಚಿ. ಕೊನೆಯಲ್ಲಿ ಕೊಕ್ಕೆಯನ್ನು ನಡುಮಟ್ಟಕ್ಕೆ ಇಳಿಸಿಟ್ಟು ಹೋದರೆ ಮುಂದೆ ಬರುವವರು, ಕುಳ್ಳಗಿರಲಿ ಎತ್ತರವಿರಲಿ, ತಮ್ಮ ಅಳತೆಗೆ ತಾವೇ ಹೊಂದಿಸಿಕೊಳ್ಳಬೇಕಾಗುತ್ತದೆ.