ಮುಲ್ಕಿಯಿಂದ ಮೌಲ್ಯಾಂಕನದವರೆಗೆ

ಕೆಲಗೇರಿ ಈಗ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯೊಳಗಿನ ಊರು. ಆದರೆ ಇಲ್ಲಿಯ ಹಿರಿಯರ ಮಾತಿನಲ್ಲಿ ಹಳ್ಳಿಯ ಕಾಲದ ಒಂದು ಪದ ಇನ್ನೂ ಉಳಿದಿದೆ. ಅದು ಮುಲ್ಕಿ. "ನಮ್ಮಜ್ಜ ಮುಲ್ಕಿ ಪಾಸಾಗಿದ್ದ" ಎಂಬ ಮಾತನ್ನು ಧಾರವಾಡ ಸುತ್ತಲಿನ ಯಾವ ಊರಿನಲ್ಲಾದರೂ ಕೇಳಬಹುದು. ಇಂದಿನ ಹುಡುಗರಿಗೆ ಅದೇನೆಂದು ಗೊತ್ತಿಲ್ಲ.

ಧಾರವಾಡ ಮುಂಬೈ ಪ್ರಾಂತ್ಯದಲ್ಲಿದ್ದಾಗ ಕನ್ನಡ ಶಾಲೆಯ ಕೊನೆಯ ಪರೀಕ್ಷೆಗೆ ಜನ ಇಟ್ಟ ಹೆಸರು ಮುಲ್ಕಿ. ಇಂಗ್ಲಿಷ್ ಶಾಲೆಗೆ ಹೋಗಿ ಮ್ಯಾಟ್ರಿಕ್ ಮಾಡುವುದು ಎಲ್ಲರ ಕೈಗೆ ಎಟುಕುತ್ತಿರಲಿಲ್ಲ. ಒಕ್ಕಲುತನದ ಮನೆಯ ಹುಡುಗನಿಗೆ ಮುಲ್ಕಿಯೇ ದೊಡ್ಡ ಪರೀಕ್ಷೆ. ಪಾಸಾದರೆ ಸಾಲಿ ಮಾಸ್ತರನಾಗಬಹುದು, ತಲಾಠಿಯಾಗಬಹುದು, ಇಲ್ಲವೇ ಕಚೇರಿಯಲ್ಲಿ ಸಣ್ಣ ನೌಕರಿ ಹಿಡಿಯಬಹುದು. ನಪಾಸಾದರೆ ಮತ್ತೆ ಹೊಲ. ಕಟ್ಟುನಿಟ್ಟಿನ ಪರೀಕ್ಷೆ ಹೌದು, ಆದರೆ ಏಕೆ ಬರೆಯುತ್ತಿದ್ದೇನೆ ಎಂಬುದು ಬರೆಯುವವನಿಗೆ ಗೊತ್ತಿತ್ತು.

ಅದೇ ಕಾಲದಲ್ಲಿ ಇನ್ನೊಂದು ಬಗೆಯ ಪರೀಕ್ಷೆಯೂ ಇತ್ತು. ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಮುಂಬೈ ಸರಕಾರ ಖಾಸಗಿ ಶಾಲೆಗಳಿಗೆ ಅನುದಾನ ಕೊಡುತ್ತಿದ್ದದ್ದು ಫಲಿತಾಂಶ ನೋಡಿ. ಇನ್‌ಸ್ಪೆಕ್ಟರ್ ಸಾಹೇಬರು ಬಂದು ಮಕ್ಕಳನ್ನು ಪ್ರಶ್ನೆ ಕೇಳುವರು, ಎಷ್ಟು ಮಂದಿ ಪಾಸಾದರೋ ಅದರ ಮೇಲೆ ದುಡ್ಡು. ಹೀಗಿದ್ದಾಗ ಮಾಸ್ತರರು ಏನು ಮಾಡುತ್ತಾರೆ? ಸಾಹೇಬರು ಕೇಳುವಷ್ಟನ್ನೇ ಬಾಯಿಪಾಠ ಮಾಡಿಸುತ್ತಾರೆ. ಫಲಿತಾಂಶಕ್ಕೆ ದುಡ್ಡೋ ಮಾನವೋ ಗಂಟುಬಿದ್ದಾಗ ಇಂದಿಗೂ ಆಗುವುದು ಅದೇ.

1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು, ಹಳೇ ಮೈಸೂರು, ಹೀಗೆ ಒಂದೊಂದು ಕಡೆಯ ಶಾಲೆ ಒಂದೊಂದು ಪದ್ಧತಿಯಲ್ಲಿ ನಡೆಯುತ್ತಿತ್ತು. ಅವನ್ನೆಲ್ಲ ಒಂದು ಅಳತೆಗೆ ತರುವ ಕೆಲಸ ವರ್ಷಗಟ್ಟಲೆ ಹಿಡಿಯಿತು. ಮುಲ್ಕಿ ಹೋಯಿತು, ಮ್ಯಾಟ್ರಿಕ್ ಜಾಗಕ್ಕೆ ಎಸ್ಸೆಸ್ಸೆಲ್ಸಿ ಬಂತು. ಏಳನೇತ್ತದ ಪಬ್ಲಿಕ್ ಪರೀಕ್ಷೆ ಮಾತ್ರ ಬಹಳ ವರ್ಷ ಉಳಿಯಿತು. ಈಗ ನಲವತ್ತು ದಾಟಿದ ಅನೇಕರಿಗೆ ಅದು ನೆನಪಿರುತ್ತದೆ.

2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸಾಗಬೇಕಿಲ್ಲ, ಯಾರನ್ನೂ ನಪಾಸು ಮಾಡಿ ಕೂಡಿಸುವಂತಿಲ್ಲ ಎಂದು ಅದು ಹೇಳಿತು. 2019ರಲ್ಲಿ ಕೇಂದ್ರ ಸರಕಾರ ಕಾಯ್ದೆ ತಿದ್ದಿ, ಐದು ಮತ್ತು ಎಂಟನೇ ತರಗತಿಗೆ ವರ್ಷದ ಕೊನೆಗೆ ಪರೀಕ್ಷೆ ಇಡಲು ದಾರಿ ಮಾಡಿತು. ಅದೇ ವರ್ಷ ಕರ್ನಾಟಕದಲ್ಲಿ ಏಳನೇತ್ತದ ಪಬ್ಲಿಕ್ ಪರೀಕ್ಷೆ ಮತ್ತೆ ತರುವ ಮಾತು ಎದ್ದಿತು. ವಿರೋಧ ಬಂದಾಗ ಅದಕ್ಕೆ ಮೌಲ್ಯಾಂಕನ ಎಂಬ ಮೆತ್ತನೆಯ ಹೆಸರಿಟ್ಟರು. ಅಷ್ಟರಲ್ಲಿ ಕೊರೋನಾ ಬಂದು ಎಲ್ಲವೂ ನಿಂತಿತು.

ನಿಜವಾದ ಗೊಂದಲ ಶುರುವಾದದ್ದು ಆಮೇಲೆ. 2022ರ ಡಿಸೆಂಬರ್‌ನಲ್ಲಿ ಸರಕಾರ ಐದು ಮತ್ತು ಎಂಟನೇ ತರಗತಿಗೆ ರಾಜ್ಯಮಟ್ಟದ ಪರೀಕ್ಷೆ ಎಂದಿತು. ಖಾಸಗಿ ಶಾಲೆಗಳ ಸಂಘ ಕೋರ್ಟಿಗೆ ಹೋಯಿತು. 2023ರ ಮಾರ್ಚ್‌ನಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಬೇಡ ಎಂದಿತು, ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ನಡೆಯಲಿ ಎಂದಿತು. ಮರುವರ್ಷ ಒಂಬತ್ತು ಮತ್ತು ಹನ್ನೊಂದನೇ ತರಗತಿಯೂ ಸೇರಿದವು. ಆ 2024ರ ಮಾರ್ಚ್ ತಿಂಗಳನ್ನು ಒಮ್ಮೆ ನೋಡಿ. 6ಕ್ಕೆ ಏಕಸದಸ್ಯ ಪೀಠ ಪರೀಕ್ಷೆ ರದ್ದು ಮಾಡಿತು. 7ಕ್ಕೆ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. 11ಕ್ಕೆ ಐದು, ಎಂಟು, ಒಂಬತ್ತನೇತ್ತದ ಮಕ್ಕಳು ಬರೆಯಲು ಕೂತರು. 12ಕ್ಕೆ ಸುಪ್ರೀಂ ಕೋರ್ಟ್ ವಿಭಾಗೀಯ ಪೀಠದ ಆದೇಶವನ್ನು ತಡೆಯಿತು, ಪರೀಕ್ಷೆ ಅರ್ಧಕ್ಕೆ ನಿಂತಿತು. 22ಕ್ಕೆ ಹೈಕೋರ್ಟ್ ಮತ್ತೆ ಒಪ್ಪಿತು. 25ರಿಂದ ಉಳಿದ ಪೇಪರ್‌ಗಳು ನಡೆದವು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ಫಲಿತಾಂಶವನ್ನೇ ತಡೆಹಿಡಿಯಿತು.

ಐದನೇತ್ತದ ಮಗು ಎಂದರೆ ಹತ್ತು-ಹನ್ನೊಂದು ವರ್ಷ. ನಾಳೆ ಪೇಪರ್ ಇದೆಯೋ ಇಲ್ಲವೋ ಎಂದು ಕೇಳಿದರೆ ಮಾಸ್ತರರ ಬಳಿಯೂ ಉತ್ತರ ಇರಲಿಲ್ಲ. ಅವರೂ ವಾಟ್ಸಾಪ್ ನೋಡುತ್ತಾ ಕೂತಿದ್ದರು.

ಸರಕಾರದ ವಾದದಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಎಂಟನೇತ್ತಕ್ಕೆ ಬಂದರೂ ಭಾಗಾಕಾರ ಬಾರದ ಮಕ್ಕಳಿದ್ದಾರೆ, ಅದನ್ನು ಮುಂಚೆಯೇ ತಿಳಿಯಬೇಕು. ಆದರೆ ತಿಳಿದ ಮೇಲೆ ಆ ಮಗುವಿಗೆ ಬೇರೆ ಪಾಠ ಮಾಡುವವರು ಯಾರು? ಮಾಸ್ತರರ ಹುದ್ದೆಗಳು ಖಾಲಿ ಇರುವ ಶಾಲೆಯಲ್ಲಿ ಈ ಪ್ರಶ್ನೆಗೆ ಸುತ್ತೋಲೆಯಲ್ಲಿ ಉತ್ತರ ಸಿಗುವುದಿಲ್ಲ. ತಾಲ್ಲೂಕು ಮಟ್ಟದಲ್ಲಿ ಬೇರೆ ಶಾಲೆಯವರು ತಿದ್ದಿದ ಪೇಪರಿನಿಂದ, ಮಗು ಎಲ್ಲಿ ಎಡವಿತು ಎಂಬುದು ಅದರ ಸ್ವಂತ ಮಾಸ್ತರರಿಗೇ ಸರಿಯಾಗಿ ತಿಳಿಯುವುದಿಲ್ಲ.

ಎಸ್ಸೆಸ್ಸೆಲ್ಸಿಯ ಕಥೆಯೂ ಇದಕ್ಕೆ ಹತ್ತಿರದ್ದೇ. 2021ರಲ್ಲಿ ಕೊರೋನಾ ಕಾರಣಕ್ಕೆ ಪರೀಕ್ಷೆ ಎರಡೇ ದಿನ ನಡೆಯಿತು, ಸರಿಯುತ್ತರದ ಗೋಲಿಗೆ ಮಸಿ ತುಂಬಿದರೆ ಮುಗಿಯಿತು. 2024ರಲ್ಲಿ ಕೋಣೆಗಳಿಗೆ ಕ್ಯಾಮೆರಾ ಬಂತು, ನೇರವಾಗಿ ಕಾವಲು ಕೂತರು. ಹಿಂದಿನ ವರ್ಷ ಶೇ. 83.89 ಇದ್ದ ಫಲಿತಾಂಶ, ಗ್ರೇಸ್ ಅಂಕ ಹೆಚ್ಚಿಸಿ ಕೊಟ್ಟರೂ ಶೇ. 73.40ಕ್ಕೆ ಇಳಿಯಿತು. ಹಿಂದಿನ ಅಂಕಗಳಲ್ಲಿ ಎಷ್ಟು ಕಲಿಕೆ, ಎಷ್ಟು ನಕಲು ಎಂದು ಊರೂರಲ್ಲಿ ಮಾತಾಯಿತು.

2025ರ ಅಕ್ಟೋಬರ್‌ನಲ್ಲಿ ಪಾಸಿನ ಗೆರೆಯೇ ಬದಲಾಯಿತು. 35 ಹೋಗಿ 33 ಬಂತು. ಈಗ 625ಕ್ಕೆ 206 ಬಂದರೆ ಪಾಸು, ಆದರೆ ಪ್ರತಿ ವಿಷಯದಲ್ಲೂ ಕನಿಷ್ಠ ಶೇ. 30 ಬೇಕು. ಮನೆಯಲ್ಲಿ ಹತ್ತನೇತ್ತದ ಮಕ್ಕಳಿದ್ದರೆ ಈ ಎರಡನೆಯ ಮಾತನ್ನು ಮರೆಯಬೇಡಿ. ಒಟ್ಟು ಅಂಕ ದಾಟಿ, ಗಣಿತದಲ್ಲಿ ಮೂವತ್ತು ಮುಟ್ಟದೆ ಉಳಿಯುವ ಹುಡುಗರು ಇನ್ನೂ ಇರುತ್ತಾರೆ.