ಪ್ರವೇಶ ಸಿಕ್ಕಿತು, ಪದವಿ ಸಿಗಲಿಲ್ಲ

ಪಿ.ಯು.ಸಿ. ಮುಗಿಸಿದ ಹುಡುಗಿ ಅರ್ಥಶಾಸ್ತ್ರ ಓದುತ್ತೇನೆಂದರೆ ತಿಳಿದವರು ಮೊದಲು ಕೇಳುವುದು, 'ಗಣಿತ ತೆಗೆದುಕೊಂಡಿದ್ದೆಯಾ?' ಎಂದು. ದೆಹಲಿ ವಿಶ್ವವಿದ್ಯಾಲಯದ ಆನರ್ಸಿಗೆ ಗಣಿತ ಬೇಕೇ ಬೇಕು. ಇಂಗ್ಲೆಂಡಿನ ಕೇಂಬ್ರಿಜ್ಜಿಗೂ ಬೇಕು. ಆ ಕೇಂಬ್ರಿಜ್ಜಿಗೆ ಹೋಗಲೆಂದು ಗಣಿತದ ಮುಂದೆ ಕೂತು ಅತ್ತವಳೊಬ್ಬಳಿದ್ದಳು.

ಮೇರಿ ಪೇಲಿ ಹುಟ್ಟಿದ್ದು 1850ರಲ್ಲಿ, ಪಾದ್ರಿಯ ಮಗಳಾಗಿ. ಮದುವೆ ಗೊತ್ತಾಗಿದ್ದ ಹುಡುಗ ಸೈನ್ಯದ ಕೆಲಸದ ಮೇಲೆ ಇಂಡಿಯಾಕ್ಕೆ ಹೊರಟ. ಕಾಯುತ್ತ ಸುಮ್ಮನೆ ಕೂರಲಾರದೆ ಈಕೆ, ಹೆಂಗಸರಿಗಾಗಿ ಕೇಂಬ್ರಿಜ್ ಹೊಸದಾಗಿ ನಡೆಸುತ್ತಿದ್ದ ಪರೀಕ್ಷೆಗೆ ಓದತೊಡಗಿದಳು. ಗಣಿತದ ಪತ್ರಿಕೆ ಬಿಡಿಸಲಾಗದೆ ಅಲ್ಲೇ ಅತ್ತಾಗ ಮೇಲ್ವಿಚಾರಣೆಗಿದ್ದ ಪ್ರೊಫೆಸರೇ ಬಂದು ಸಮಾಧಾನ ಮಾಡಿದರಂತೆ. ಆದರೂ ವಿದ್ಯಾರ್ಥಿವೇತನ ಸಿಕ್ಕಿತು. 1871ರಲ್ಲಿ, ಮುಂದೆ ನ್ಯೂನಮ್ ಕಾಲೇಜಾದ ಮನೆಗೆ ಬಂದ ಮೊದಲ ಐವರಲ್ಲಿ ಒಬ್ಬಳಾದಳು. ಆ ಸಂಬಂಧ ಮುರಿದುಬಿತ್ತು; ಓದು ನಿಲ್ಲಲಿಲ್ಲ.

ಆಗ ಅರ್ಥಶಾಸ್ತ್ರಕ್ಕೆ ಬೇರೆ ಪದವಿಯಿರಲಿಲ್ಲ, ತತ್ವಶಾಸ್ತ್ರ, ತರ್ಕಗಳ ಜೊತೆಗೇ ಓದಬೇಕು. 1874ರಲ್ಲಿ ಮೇರಿ ಆ ಪರೀಕ್ಷೆ ಬರೆದಳು. ಎಲ್ಲಿ ಅಂತೀರಿ? ಪ್ರಾಧ್ಯಾಪಕರೊಬ್ಬರ ಮನೆಯ ದಿವಾನಖಾನೆಯಲ್ಲಿ! ಹೆಣ್ಣುಮಕ್ಕಳನ್ನು ಪರೀಕ್ಷಿಸಿದ್ದು ನಿಯಮದಿಂದಲ್ಲ, ದಾಕ್ಷಿಣ್ಯದಿಂದ. ನಾಲ್ವರು ಪರೀಕ್ಷಕರಲ್ಲಿ ಇಬ್ಬರು ಮೊದಲ ದರ್ಜೆ ಎಂದರು, ಇಬ್ಬರು ಎರಡನೆಯದು ಎಂದರು. ಯಾವುದಾದರೇನು, ಪದವಿಯಂತೂ ಇಲ್ಲ.

ಪಾಠ ಹೇಳಿದ ಆಲ್ಫ್ರೆಡ್ ಮಾರ್ಷಲ್ 1877ರಲ್ಲಿ ಆಕೆಯ ಗಂಡನಾದ. ಆಗ ಆತ ಹೆಂಗಸರ ಓದಿನ ಪರವೇ. ಮುಂದೆ ಬ್ರಿಸ್ಟಲ್ಲಿನಲ್ಲಿ ಮೇರಿ ತಾನೇ ಅರ್ಥಶಾಸ್ತ್ರ ಕಲಿಸಿದಳು. 1879ರಲ್ಲಿ ಇಬ್ಬರ ಹೆಸರಿನಲ್ಲೂ ಪುಸ್ತಕ ಬಂತು. ಆಮೇಲೆ ಆತನ ಮನಸ್ಸು ತಿರುಗಿತು. ಹೆಂಗಸರಿಗೆ ಪದವಿ ಕೊಡಬೇಕೇ ಎಂಬ ಮಾತು 1897ರಲ್ಲಿ ಮತಕ್ಕೆ ಬಂದಾಗ ಆತ ನಿಂತದ್ದು ವಿರೋಧಿಗಳ ಸಾಲಿನಲ್ಲಿ. ಹೆಣ್ಣಿಗೆ ಮನೆಯ ಹೊಣೆಯಿದೆ ಎಂಬ ಧಾಟಿಯ ವಾದ, ನಾವೂ ಕೇಳಿ ಕೇಳಿ ಬಲ್ಲದ್ದು. ಪಕ್ಕದ ಲಂಡನ್ ವಿಶ್ವವಿದ್ಯಾಲಯ 1878ರಲ್ಲೇ ಹೆಂಗಸರಿಗೆ ಪದವಿಯ ಬಾಗಿಲು ತೆರೆದಿತ್ತು. ಕೇಂಬ್ರಿಜ್ಜಿನಲ್ಲಿ ಮಾತ್ರ ಗಂಡಸರು ಭಾರೀ ಬಹುಮತದಿಂದ ಬೇಡವೆಂದರು. 1903ರಲ್ಲಿ ಅಲ್ಲಿ ಅರ್ಥಶಾಸ್ತ್ರಕ್ಕೇ ಪ್ರತ್ಯೇಕ ಪರೀಕ್ಷೆ ತಂದದ್ದು ಇದೇ ಮಾರ್ಷಲ್. ಹುಡುಗಿಯರು ಓದಬಹುದಿತ್ತು, ಪದವಿ ಕೇಳುವಂತಿರಲಿಲ್ಲ.

ಈ ಬಗ್ಗೆ ಮನೆಯಲ್ಲಿ ಏನೇನು ಮಾತು ನಡೆಯಿತೋ! 1924ರಲ್ಲಿ ಗಂಡ ತೀರಿಕೊಂಡ ಮೇಲೆ ಆತನ ಹೆಸರಿನ ಗ್ರಂಥಾಲಯಕ್ಕೆ ಮೇರಿ ಸೈಕಲ್ಲಿನಲ್ಲಿ ಹೋಗಿ, ಸಂಬಳವಿಲ್ಲದೆ ದುಡಿದಳು. ಬಿಟ್ಟದ್ದು ಹತ್ತಿರ ಹತ್ತಿರ 87ನೆಯ ವಯಸ್ಸಿನಲ್ಲಿ. ಅರ್ಥಶಾಸ್ತ್ರ ಓದುವ ಹುಡುಗರಿಗೆ ಪುಸ್ತಕ ಹುಡುಕಿಕೊಟ್ಟಳು, ಹುಡುಗಿಯರಿಗೂ.

ಕೇಂಬ್ರಿಜ್ ಹೆಂಗಸರಿಗೆ ಪೂರ್ಣ ಪದವಿ ಕೊಡತೊಡಗಿದ್ದು 1948ರಲ್ಲಿ. ಮೇರಿ ತೀರಿಹೋಗಿ ಆಗ ನಾಲ್ಕು ವರ್ಷವಾಗಿತ್ತು.